ನುಂಗಿದ್ದು ಬೇರೆ, ಇಳಿದಿದ್ದು ಬೇರೆ

ಪ್ರಾಣಿಗಳ ಆಸ್ಪತ್ರೆಯ ಕಾಂಪೌಂಡರನನ್ನು ಎಲ್ಲರೂ ಗುಳಿಗೆಯಣ್ಣ ಎಂದೇ ಕರೆಯುತ್ತಿದ್ದರು. ಕೋಪ ಮೂಗಿನ ತುದಿಯಲ್ಲಿ, ಕೈ ಮಾತ್ರ ಬೆಣ್ಣೆಯಂಥದು. ನಾಯಿಗಾದರೆ ಮೊದಲು ಬರೀ ಬ್ರೆಡ್ಡಿನ ತುಂಡು, ಆಮೇಲೆ ಗುಳಿಗೆ ಅಡಗಿಸಿದ್ದು, ಅದು ಅನುಮಾನಪಡುವಷ್ಟರಲ್ಲಿ ಇನ್ನೊಂದು ಬರೀ ತುಂಡು. ನೀರೌಷಧಿಯನ್ನು ಗಂಟಲಿಗೆ ಸುರಿಯುವವನಲ್ಲ. ಸೂಜಿಯಿಲ್ಲದ ಸಿರಿಂಜನ್ನು ಕೆನ್ನೆಯ ಸಂದಿಗಿಟ್ಟು ತೊಟ್ಟುತೊಟ್ಟಾಗಿ ಬಿಡುತ್ತಿದ್ದ. ಬೆಕ್ಕಿಗೆ ಕ್ಯಾಪ್ಸೂಲು ಕೊಟ್ಟಾಗ ಮಾತ್ರ ಡಾಕ್ಟರಮ್ಮ ಬಿಡದೆ ಕೇಳುತ್ತಿದ್ದರು, "ಇಳೀತೇನ್ರೀ?"

"ನುಂಗ್ತು ಮೇಡಂ."

"ನುಂಗಿದ್ದು ನಂಗೂ ಕಾಣ್ಸುತ್ತೆ. ಇಳೀತಾ? ಹಿಂದೇನೇ ನೀರು ಬಿಡಿ."

ಗೊಣಗಿಕೊಂಡೇ ನೀರು ಬಿಡುತ್ತಿದ್ದ. ಅವನ ಪಾಲಿಗೆ ಎರಡೂ ಒಂದೇ.

ಒಂದು ಸಂಜೆ ಅವನ ಅಕ್ಕ ಹೇಳಿಕಳಿಸಿದಳು. ಭಾವ ಹೋದ ಮೇಲೆ ಅವಳ ಮನೆಯಲ್ಲಿ ಉಸಿರಾಡುವ ಇನ್ನೊಂದು ಜೀವವೆಂದರೆ ಬೂದು ಬೆಕ್ಕು. ಅದಕ್ಕೆ ನೆಗಡಿ ಎದೆಗಿಳಿದು, ಡಾಕ್ಟರಮ್ಮ ಕ್ಯಾಪ್ಸೂಲು ಬರೆದಿದ್ದರು. ಅಕ್ಕ ಮೀನಿನೊಳಗೆ ಅಡಗಿಸಿಟ್ಟರೆ, ಬೆಕ್ಕು ಮೀನಷ್ಟೇ ತಿಂದು ಕ್ಯಾಪ್ಸೂಲನ್ನು ತೊಳೆದಿಟ್ಟ ಹಾಗೆ ತಟ್ಟೆಯಲ್ಲೇ ಬಿಟ್ಟಿತ್ತು.

"ನಿನಗಿಂತ ಇದಕ್ಕೇ ಬುದ್ಧಿ ಜಾಸ್ತಿ ಕಣಕ್ಕಾ," ಎಂದು ನಕ್ಕು, ಬೆಕ್ಕನ್ನು ಟವೆಲ್ಲಿನಲ್ಲಿ ಸುತ್ತಿ, ತಲೆಯೆತ್ತಿ, ನಾಲಿಗೆಯ ಬುಡಕ್ಕೆ ಕ್ಯಾಪ್ಸೂಲು ಬೀಳಿಸಿ ಗಂಟಲು ಸವರಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು.

ಅಕ್ಕ ನೀರು ತುಂಬಿದ ಸಿರಿಂಜು ಚಾಚಿದಳು. "ತಗೊಳ್ಳೋ, ಹಿಂದೇನೇ ಬಿಡ್ಬೇಕಂತೆ."

"ನುಂಗ್ತಲ್ಲ! ನಂಗೇ ಪಾಠ ಹೇಳ್ತೀಯಾ? ಇದೇ ಮಾಡಿ ತಲೆ ಬೆಳ್ಳಗಾಗಿದೆ!" ಎಂದು ಅವಳ ಕೈ ತಳ್ಳಿದ. ಸಿರಿಂಜು ನೆಲಕ್ಕೆ ಬಿತ್ತು. ಅಕ್ಕ ಬಗ್ಗಿ ಅದನ್ನು ಎತ್ತಿಟ್ಟಳು. ತಮ್ಮನ ಸಿಟ್ಟು ಅವಳಿಗೆ ಹೊಸದೇ?

ಮೂರನೆಯ ದಿನ ಬೆಕ್ಕು ಜೊಲ್ಲು ಸುರಿಸತೊಡಗಿತು. ಮೀನು ಮೂಸುವುದು, ನುಂಗಲು ಕತ್ತು ಚಾಚುವುದು, ನೋವಿಗೆ ಹಿಂದೆ ಸರಿಯುವುದು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅದಕ್ಕೆ ಮಂಪರು ಕೊಟ್ಟು, ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿದರು. "ಕ್ಯಾಪ್ಸೂಲು ಅರ್ಧದಲ್ಲೇ ಅಂಟ್ಕೊಂಡು ಕರಗಿದೆ. ಅನ್ನನಾಳ ಸುಟ್ಟು ಹುಣ್ಣಾಗಿದೆ. ನೀರು ಬಿಡ್ಲಿಲ್ವೇನಮ್ಮಾ?"

ಗುಳಿಗೆಯಣ್ಣ ಮೇಜಿನ ಪಕ್ಕದಲ್ಲೇ ಬೆಕ್ಕನ್ನು ಹಿಡಿದು ನಿಂತಿದ್ದ. ಅಕ್ಕ ಅವನತ್ತ ನೋಡದೆ, "ನಾನೇ ಮರ್ತೆ," ಎಂದಳು.

"ಅಷ್ಟು ಸಲ ಹೇಳಿದ್ನಲ್ಲಮ್ಮಾ!" ಎಂದು ಡಾಕ್ಟರಮ್ಮ ಅವಳನ್ನೇ ಗದರಿದರು. ಗುಳಿಗೆಯಣ್ಣ ತಲೆ ತಗ್ಗಿಸಿ ಬೆಕ್ಕಿನ ಬಾಯಿಯ ಜೊಲ್ಲು ಒರೆಸತೊಡಗಿದ.

ವಾರಗಟ್ಟಲೆ ಕತ್ತಿನ ಪಕ್ಕದಲ್ಲಿ ತೂರಿಸಿದ ನಳಿಗೆಯಲ್ಲೇ ಆಹಾರ ಹೋಯಿತು. ಬೆಕ್ಕು ಬದುಕಿತು, ಆದರೆ ಅನ್ನನಾಳ ಕಿರಿದಾಗಿ, ಮೀನನ್ನೂ ಅರೆದು ನೀರು ಮಾಡಿಯೇ ಕೊಡಬೇಕಾಯಿತು. ಈಗ ಗುಳಿಗೆಯಣ್ಣನ ಕೈಯ ವಾಸನೆ ಬಂದರೆ ಸಾಕು, ಮಂಚದ ಕೆಳಗೆ ಸೇರಿಕೊಳ್ಳುತ್ತದೆ. ದಿನಾ ಬರುತ್ತಾನೆ, ಹೊಸ್ತಿಲ ಆಚೆಯೇ ನಿಲ್ಲುತ್ತಾನೆ. 'ಮೇಡಂಗೆ ನಾಳೆ ನಿಜ ಹೇಳಿಬಿಡ್ತೀನಿ' ಎನ್ನುವ ಮಾತು ನಾಲಿಗೆಯವರೆಗೂ ಬಂದು ಅಲ್ಲೇ ಕೂರುತ್ತದೆ.

ಒಳಗೆ ಅಕ್ಕ ಕೆನ್ನೆಯ ಸಂದಿಗೆ ಸಿರಿಂಜಿಟ್ಟು, ತೊಟ್ಟುತೊಟ್ಟಾಗಿ ಔಷಧಿ ಬಿಡುತ್ತಾಳೆ, ಹಿಂದೆಯೇ ನೀರು.

"ಇಳೀತಾ ಅಕ್ಕಾ?" ಬಾಗಿಲಿಂದ ಮೆಲ್ಲಗೆ ಕೇಳುತ್ತಾನೆ.

ಅಕ್ಕ ಬೆಕ್ಕಿನ ಗಂಟಲ ಮೇಲೆ ಬೆರಳಿಟ್ಟು ನೋಡುತ್ತಾಳೆ.

"ಇದಕ್ಕೇನೋ ಇಳೀತು ಕಣೋ."