ಉತ್ತರಕ್ಕಾಗಿ ಕಾದ ತರಗತಿ

ಕಳೆದ ವಾರ ಕೂಡ್ಲಿಗಿ ಸಂತೆಯಿಂದ ಜಪಕ್ಕೆ ಕೂರಲೆಂದು ಹೊಸ ಕರಿಕಂಬಳಿಯೊಂದನ್ನು ತರಿಸಿಕೊಂಡೆ. ಹಳೆಯದು ಸವೆದು ನೆಲದ ತಂಪು ಮಂಡಿಗೆ ತಾಗುತ್ತಿತ್ತು. ಬೆಳಗಿನ ಸಂಧ್ಯಾವಂದನೆ ಮುಗಿಸಿ ಮಡಿಕೆ ಬಿಡಿಸಿದಾಗ, ನೂಲು ಬಿಗಿಯಾಗಲೆಂದು ನೇಕಾರರು ಹಚ್ಚುವ ಹುಣಸೆ ಬೀಜದ ಗಂಜಿಯ ವಾಸನೆ ಮೊದಲು ಬಂತು, ಅದರ ಹಿಂದೆಯೇ ಉಣ್ಣೆಯ ವಾಸನೆ. ಜಪಸರ ಕೈಯಲ್ಲಿಯೇ ಇತ್ತು. ಮನಸ್ಸು ಮಾತ್ರ ಗುಡೇಕೋಟೆಯ ಗುಡ್ಡಗಳ ನಡುವಿನ ಒಂದು ಶಾಲೆಗೆ ಹೋಗಿಬಿಟ್ಟಿತ್ತು. ಆ ಶಾಲೆಯ ಟೇಪ್ ರೆಕಾರ್ಡರನ್ನು ಧೂಳು ತಾಗದಂತೆ ಇಂಥದೇ ಕಂಬಳಿಯ ಚೀಲದಲ್ಲಿ ಇಟ್ಟಿರುತ್ತಿದ್ದರು. ಆ ಚೀಲವನ್ನು ತಮ್ಮ ಕೈಯಿಂದಲೇ ಹೊಲಿದವರು ನಮ್ಮ ಶಾಲೆಯ ಅಕ್ಕೋರು...

ತೊಂಬತ್ತರ ದಶಕದ ಕೊನೆಯ ವರ್ಷಗಳವು. ನಾನು ಅಲ್ಲಿ ಮುಖ್ಯೋಪಾಧ್ಯಾಯನಾಗಿದ್ದೆ. ಹರಪನಹಳ್ಳಿ ಕಡೆಯಿಂದ ಬಂದ ಅವರು ಏಳನೆಯ ತರಗತಿಗೆ ಗಣಿತ, ವಿಜ್ಞಾನ ಕಲಿಸುತ್ತಿದ್ದರು. ಊರಿನಲ್ಲಿ ಎಲ್ಲರೂ ಅವರನ್ನು ಅಕ್ಕೋರು ಎಂದೇ ಕರೆಯುತ್ತಿದ್ದರು. ಎತ್ತರದ ಹೆಂಗಸು. ಮಾತು ಕಡಿಮೆ. ಪ್ರಶ್ನೆ ಕೇಳಿದ ಕೂಡಲೇ ಸೀಮೆಸುಣ್ಣವನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು, ಉತ್ತರ ಬರುವ ತನಕ ಮುಷ್ಟಿ ಬಿಚ್ಚುತ್ತಿರಲಿಲ್ಲ. ದಡ್ಡನೆನಿಸಿಕೊಂಡ ಹುಡುಗನ ಮುಂದೆಯೂ ಅಷ್ಟೇ ಹೊತ್ತು ನಿಲ್ಲುತ್ತಿದ್ದರು.

ಟೇಪ್ ರೆಕಾರ್ಡರ್ ಇಲಾಖೆಯಿಂದ ಬಂದದ್ದು, ಚಿಕ್ಕ ಮಕ್ಕಳಿಗೆ ಹಾಡು ಕೇಳಿಸಲೆಂದು. ಸರ್ಕಾರಿ ವಸ್ತುವೆಂದು ನಾನು ಅದನ್ನು ಬೀರುವಿನಲ್ಲಿ ಇಟ್ಟು ಬೀಗ ಹಾಕಿದ್ದೆ. ಅಕ್ಕೋರು ಬಂದು ಕೇಳಿದಾಗ ಹಾಡಿಗಲ್ಲದೆ ಇನ್ನೇತಕ್ಕೆ ಎಂದು ನನಗೆ ತಿಳಿಯಲಿಲ್ಲ.

ಏಳನೆಯ ತರಗತಿಯಲ್ಲಿ ಕುರಿ ಸಾಕುವ ಮನೆಯ ಒಬ್ಬ ಹುಡುಗಿಯಿದ್ದಳು. ಲೆಕ್ಕದಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಸುಗ್ಗಿ ಮುಗಿದು ನಮ್ಮ ಸೀಮೆಯಲ್ಲಿ ಮೇವು ನೀರು ಕಡಿಮೆಯಾದಾಗ ಆ ಮನೆಯವರೆಲ್ಲ ಮಂದೆ ಹೊಡೆದುಕೊಂಡು ತಂಬ್ರಹಳ್ಳಿಯ ಕಡೆಗೆ, ಹಿನ್ನೀರಿನ ಬದಿಯ ಹೊಲಗಳಿಗೆ ಹೋಗುತ್ತಿದ್ದರು. ಗೊಬ್ಬರಕ್ಕಾಗಿ ರಾತ್ರಿ ರೈತರ ಹೊಲದಲ್ಲಿ ಕುರಿ ನಿಲ್ಲಿಸಿ, ಮಳೆಗಾಲಕ್ಕೆ ಊರಿಗೆ ಮರಳುವುದು ಅವರ ರೂಢಿ. ಆಗ ಏಳನೆಯ ತರಗತಿಗೆ ಪಬ್ಲಿಕ್ ಪರೀಕ್ಷೆ ಇತ್ತು. ಅದು ಬರುವುದು ಬೇಸಿಗೆಯಲ್ಲಿ, ಮಂದೆ ದೂರವಿದ್ದಾಗ. ಅವಳ ಅಕ್ಕಂದಿರಿಬ್ಬರ ಓದು ಅಲ್ಲಿಗೇ ನಿಂತಿತ್ತು. ಇವಳದೂ ನಿಲ್ಲುವುದೆಂದು ನಾನು ಒಪ್ಪಿಕೊಂಡಿದ್ದೆ. ಅಕ್ಕೋರು ಒಪ್ಪಿರಲಿಲ್ಲ.

ಆ ವರ್ಷ ಮಂದೆ ಹೊರಡುವ ಮುನ್ನಾದಿನ ಅವರು ಹುಡುಗಿಯ ತಂದೆಯನ್ನು ಶಾಲೆಗೆ ಕರೆಸಿದರು. ಆತ ಹೆಗಲ ಕಂಬಳಿ ಸರಿಪಡಿಸಿಕೊಳ್ಳುತ್ತಾ ಬಾಗಿಲಲ್ಲೇ ನಿಂತ.

"ನಿಮ್ಮ ಹತ್ರ ಟೇಪ್ ಐತಂತಲ್ಲ?"

"ಐತ್ರಿ ಅಕ್ಕೋರ. ಮೈಲಾರಲಿಂಗನ ಪದ ಕೇಳಾಕ ಇಟ್ಕಂಡೀನಿ. ಕುರಿ ಕಾಯ್ದು ಬ್ಯಾಸರ ಆಕ್ಕತ್ರಿ."

"ಪದದ ಜೊತಿಗೆ ನನ್ ಪಾಠನೂ ಒಂದೀಟು ಕೇಳ್ರಿ. ಕ್ಯಾಸೆಟ್ ನಾನು ಕಳಿಸ್ತೀನಿ."

ಆತ ನನ್ನ ಮುಖ ನೋಡಿ ನಕ್ಕ. "ಏನ್ರಿ ಮೇಷ್ಟ್ರೇ, ಇನ್ ಮ್ಯಾಲೆ ನಮ್ ಟಗರುಗೋಳೂ ಮಗ್ಗಿ ಹೇಳ್ತಾವ ಬಿಡ್ರಿ!" ಎಂದ. ನಕ್ಕನೇ ಹೊರತು ಒಲ್ಲೆ ಎನ್ನಲಿಲ್ಲ.

ಕ್ಯಾಸೆಟ್ ಹೋಗುವ ದಾರಿಯನ್ನು ಅವರೇ ಗೊತ್ತು ಮಾಡಿದರು. ನಮ್ಮೂರ ಬಸ್ಸಿನ ಕಂಡಕ್ಟರ್ ಅದನ್ನು ಹಗರಿಬೊಮ್ಮನಹಳ್ಳಿಗೆ ಮುಟ್ಟಿಸಬೇಕು. ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಅದು ತಂಬ್ರಹಳ್ಳಿಯ ಒಂದು ಚಹಾದಂಗಡಿಗೆ ಹೋಗಬೇಕು. ಹುಡುಗಿಯ ತಂದೆ ಅತ್ತ ಬಂದಾಗ ಒಯ್ಯಬೇಕು. ಮೊದಲ ಕ್ಯಾಸೆಟ್ಟಿನ ಪಾಠವನ್ನು ಅವರು ಶಾಲೆ ಬಿಟ್ಟ ಮೇಲೆ ಖಾಲಿ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಹೇಳಿದರು. ತಪ್ಪಿಲ್ಲದ, ಸ್ಪಷ್ಟವಾದ ಪಾಠ. ನಾನೂ ಕೇಳಿ ಮೆಚ್ಚಿದೆ.

ಕೆಲವು ದಿನಗಳಲ್ಲಿ ಅದು ವಾಪಸು ಬಂತು. ಕಂಡಕ್ಟರ್ ಬಸ್ಸಿನ ಬಾಗಿಲಲ್ಲೇ ನಿಂತು ಕೂಗಿ ಹೇಳಿದ: "ಅಕ್ಕೋರ, ಹುಡುಗಿ ಕೇಳವಲ್ಲಳಂತ್ರಿ! ರೇಡಿಯೋದಾಗ ಯಾರೋ ಯಾರಿಗೋ ಹೇಳ್ದಂಗ ಐತಂತ. ನಮ್ ಅಕ್ಕೋರು ಹಿಂಗ ಮಾತಾಡಂಗಿಲ್ಲ ಅಂತಾಳಂತ!"

ಆ ದಿನ ಅವರು ಆ ಕ್ಯಾಸೆಟ್ಟನ್ನು ಮತ್ತೆ ಮೊದಲಿನಿಂದ ಹಾಕಿ ಕೇಳಿದರು. ನಾನು ಸಮಾಧಾನಕ್ಕೆಂದು ನನ್ನ ಬಾಲ್ಯದ ಪಾಠಶಾಲೆಯ ಮಾತು ತೆಗೆದೆ. ನಾವು ವೇದವನ್ನು ಪುಸ್ತಕ ನೋಡಿ ಕಲಿತವರಲ್ಲ. ಗುರುಗಳು ಒಮ್ಮೆ ಹೇಳಿದರೆ ಶಿಷ್ಯ ಎರಡು ಬಾರಿ ಹೇಳಬೇಕು. ಅವನು ಹೇಳಿ ಮುಗಿಸುವ ತನಕ ಗುರುಗಳು ಮುಂದಿನ ಪದಕ್ಕೆ ಹೋಗುವಂತಿಲ್ಲ. "ಗುರು ಹೇಳುವುದು ಅರ್ಧ ಪಾಠ ಟೀಚರೇ, ಶಿಷ್ಯನಿಗೆಂದು ಸುಮ್ಮನಿರುವುದು ಉಳಿದರ್ಧ" ಎಂದೆ. ಅವರು ತಲೆಯೆತ್ತಿ ನೋಡಿದರು.

ಮರುದಿನ ಟೇಪ್ ರೆಕಾರ್ಡರ್ ತುಂಬಿದ ತರಗತಿಯ ನಡುವೆ, ಆ ಹುಡುಗಿ ಕೂರುತ್ತಿದ್ದ ಜಾಗದಲ್ಲಿ ಇತ್ತು. ಹಾಜರಿ ಕೂಗುವಾಗ ಅಕ್ಕೋರು ಅವಳ ಹೆಸರನ್ನೂ ಕೂಗಿದರು. ಪಾಠ ಎಂದಿನಂತೆ ನಡೆಯಿತು. ಮಕ್ಕಳ ಕೆಮ್ಮು, ನಗು, ತಪ್ಪು ಉತ್ತರ, ಹೊರಗೆ ಕೂಗಿದ ಕೋಳಿ ಎಲ್ಲವೂ ಅದರೊಳಗೆ ಸೇರಿದವು. ನಡುವೆ ಅವರು ಅವಳ ಹೆಸರು ಹಿಡಿದು, "ಈಗ ನೀ ಹೇಳವ್ವ, ನೀರು ಆವಿ ಆಗಿ ಎಲ್ಲಿಗೆ ಹೋಗ್ತತಿ?" ಎಂದು ಕೇಳಿ ಮುಷ್ಟಿ ಮುಚ್ಚಿದರು. ತರಗತಿಯಿಡೀ ಸುಮ್ಮನಾಯಿತು. ಅವಳು ದೂರದ ಹೊಲದಲ್ಲಿ ಈ ಟೇಪಿನ ಮುಂದೆ ಕುಳಿತು ಯೋಚಿಸಿ ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಮಕ್ಕಳು ಅಲುಗಾಡದೆ ಕುಳಿತರು. ಆಮೇಲೆ ಮುಷ್ಟಿ ಬಿಚ್ಚಿ, "ಹೌದು, ಮೋಡಕ್ಕ" ಎಂದು ಪಾಠ ಮುಂದುವರಿಸಿದರು.

ನಾನು ಬಾಗಿಲಲ್ಲಿ ನಿಂತಿದ್ದೆ. ನೈವೇದ್ಯ ಇಟ್ಟು ತೆರೆ ಎಳೆದ ಮೇಲೆ ದೇವರು ಉಣ್ಣಲೆಂದು ನಾವು ಹೊರಗೆ ಕಣ್ಣು ಮುಚ್ಚಿ ನಿಲ್ಲುತ್ತೇವಲ್ಲ... ಅದರ ನೆನಪಾಯಿತು. ಕಣ್ಣಿಗೆ ಕಾಣದವರು ಇದ್ದಾರೆಂದು ನಂಬಿ ಕಾಯುವುದು ನನಗೆ ಗುಡಿಯಲ್ಲಿ ಅಭ್ಯಾಸವಿತ್ತು. ಶಾಲೆಯಲ್ಲಿ ಅದನ್ನು ಅಂದೇ ಮೊದಲು ಕಂಡದ್ದು.

ಒಂದು ದಿನ ಇಂಥದೇ ಹೊತ್ತಿನಲ್ಲಿ ತಪಾಸಣೆಯ ಸಾಹೇಬರು ಹೇಳದೆ ಕೇಳದೆ ಒಳಗೆ ಬಂದರು. ತರಗತಿ ನಿಶ್ಶಬ್ದ. ಅಕ್ಕೋರು ಮುಷ್ಟಿ ಮುಚ್ಚಿ ನಿಂತಿದ್ದಾರೆ. ನಡುವೆ ಟೇಪ್ ತಿರುಗುತ್ತಿದೆ. ಮಕ್ಕಳು ಎದ್ದು ನಮಸ್ಕಾರ ಹೇಳಲೂ ಇಲ್ಲ.

"ಏನ್ರಿ ಇದು? ಮೌನ ಆಚರಣಿ ನಡಿಸೀರೇನು? ಯಾರ್ ತೀರ್ಕೊಂಡ್ರು?"

ಮಕ್ಕಳು ತುಟಿ ಕಚ್ಚಿಕೊಂಡರು. ಒಬ್ಬ ಹುಡುಗ ನಗು ತಡೆಯಲಾರದೆ ಮೇಜಿನ ಕೆಳಗೆ ತಲೆ ಹಾಕಿದ. ಅಕ್ಕೋರು ತುಟಿಯ ಮೇಲೆ ಬೆರಳಿಟ್ಟು ಸಾಹೇಬರಿಗೇ ಸುಮ್ಮನಿರುವಂತೆ ಸನ್ನೆ ಮಾಡಿದರು! ಉತ್ತರದ ಹೊತ್ತು ಮುಗಿದ ಮೇಲೆಯೇ ಅವರು ಟೇಪ್ ನಿಲ್ಲಿಸಿ ವಿಷಯ ತಿಳಿಸಿದರು.

ಸಾಹೇಬರು ಕುರ್ಚಿಯಲ್ಲಿ ಕುಳಿತು ಬೆವರು ಒರೆಸಿಕೊಂಡರು. "ಟೇಪಿನ ಮುಂದ ಕುಂತಾಕಿಗೆ ಹಾಜರಿ ಕೊಡಾಕ ಬರಂಗಿಲ್ಲ ತಾಯಿ."

"ಹಾಜರಿ ಕೇಳ್ತಿಲ್ಲ ಸರ್. ಪರೀಕ್ಷಿಗೆ ಕೂಡ್ಸಾಕ ಒಪ್ಪಿಗಿ ಕೊಡ್ರಿ."

"ಬಂದ್ರ ಕೂಡಿಸ್ರಿ. ಬರ್ಲಿಲ್ಲ ಅಂದ್ರ ನಿಮ್ ಈ ಟೇಪಿನ ಕತಿ ನನ್ ಮುಂದ ಮತ್ತ ಹೇಳಬ್ಯಾಡ್ರಿ." ಏಳುವಾಗ ಅವರ ದನಿ ತಗ್ಗಿತು. "ನನ್ ಮಾತೂ ಅದರಾಗ ಬಂತೇನು? ಅಳಿಸ್ರಿ ಮತ್ತ."

ಅಳಿಸಲಿಲ್ಲ. ಆ ಕ್ಯಾಸೆಟ್ ತಂಬ್ರಹಳ್ಳಿಗೆ ಹೋಯಿತು. ಮಂದೆಯವರೆಲ್ಲ ಸಾಹೇಬರ ಮಾತನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿ ನಕ್ಕರೆಂದು ಕಂಡಕ್ಟರನಿಂದ ತಿಳಿಯಿತು.

ಶಿವರಾತ್ರಿಯ ಹೊತ್ತಿಗೆ ಅತ್ತಲಿಂದ ಒಂದು ಕ್ಯಾಸೆಟ್ ಬಂತು. ತರಗತಿಯಲ್ಲಿ ಹಾಕಿದರೆ ಮೊದಲು ಕುರಿಗಳ ಕೂಗು, ಯಾರೋ ನಾಯಿಯನ್ನು ಗದರಿಸಿದ್ದು, ಆಮೇಲೆ ಅವಳ ದನಿ. ಕೇಳಿದ ಪ್ರಶ್ನೆಗಳಿಗೆಲ್ಲ ಒಂದೊಂದಾಗಿ ಉತ್ತರ ಹೇಳಿದ್ದಳು. ಒಂದೂ ತಪ್ಪಿರಲಿಲ್ಲ. ಕೊನೆಯಲ್ಲಿ "ಅಕ್ಕೋರ, ಇಲ್ಲಿ ಕುರಿ ಮರಿ ಹಾಕ್ಯಾವು" ಎಂದು ಸೇರಿಸಿದ್ದಳು. ಮಕ್ಕಳು ಹೋ ಎಂದು ಕೂಗಿದರು. ಅಕ್ಕೋರು ನನ್ನತ್ತ ತಿರುಗಿ, "ಪಾಸಾದಂಗ ಬಿಡ್ರಿ ಸರ್" ಎಂದರು. ನಾನೂ ಹಾಗೆಯೇ ತಿಳಿದೆ.

ಪರೀಕ್ಷೆಯ ಹಿಂದಿನ ದಿನ ತಂದೆ ಮಗಳನ್ನು ಕರೆದುಕೊಂಡು ಬಂದ. ಬಿಸಿಲಿಗೆ ಕಪ್ಪಾಗಿ ಒಂದಿಷ್ಟು ಎತ್ತರವೂ ಆಗಿದ್ದಳು. ಅಕ್ಕೋರ ಮುಖದಲ್ಲಿ ನಾನು ಅಂಥ ಗೆಲುವನ್ನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಗಣಿತದ ಪರೀಕ್ಷೆ ಮುಗಿದು ಮಕ್ಕಳು ಹೊರಬಂದಾಗ ಅವಳು ಎಲ್ಲರಿಗಿಂತ ಹಿಂದೆ ಬಂದಳು. ಬಲಗೈ ಬೆರಳುಗಳನ್ನು ಎಡಗೈಯಿಂದ ಹಿಡಿದುಕೊಂಡಿದ್ದಳು. ಅಕ್ಕೋರು ಪ್ರಶ್ನೆಪತ್ರಿಕೆ ತೆಗೆದುಕೊಂಡು ಒಂದೊಂದೇ ಪ್ರಶ್ನೆ ಕೇಳುತ್ತಾ ಹೋದರು. ಬಾಯಿಂದ ಎಲ್ಲವನ್ನೂ ಸರಿಯಾಗಿ ಹೇಳಿದಳು. "ಹಂಗಂದ್ರ ಎಲ್ಲ ಬರದೀ?" ಎಂದರೆ ತಲೆಯಲ್ಲಾಡಿಸಿದಳು.

"ಬಾಯಿಗೆ ಬರ್ತೈತ್ರಿ ಅಕ್ಕೋರ. ಕೈಗೆ ಬರವಲ್ದು."

ಅಷ್ಟು ತಿಂಗಳು ಅವಳು ಕೋಲು ಹಿಡಿದಿದ್ದಳು, ಪೆನ್ನು ಹಿಡಿದಿರಲಿಲ್ಲ. ಲೆಕ್ಕ ಹೇಳಿದ್ದಳು, ಬರೆದಿರಲಿಲ್ಲ. ಪತ್ರಿಕೆಯ ಅರ್ಧಕ್ಕೇ ವೇಳೆ ಮುಗಿದಿತ್ತು. ಕ್ಯಾಸೆಟ್ ಜೊತೆಗೆ ಒಂದು ಹಲಗೆ, ನಾಲ್ಕು ಬಳಪ ಕಳಿಸಬೇಕೆಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಕಿವಿಯಿಂದಲೇ ಕಲಿತು ದೊಡ್ಡವನಾದ ನನ್ನ ಮಾತು ಕೇಳಿ ಹೊರಟ ಏರ್ಪಾಡು ಅದು. ಕೈಯ ವಿಚಾರ ನನ್ನ ಪಾಠಶಾಲೆಯಲ್ಲಿ ಯಾರೂ ಎತ್ತಿರಲಿಲ್ಲ... ಅಕ್ಕೋರು ಮೆಟ್ಟಿಲ ಮೇಲೆ ಕುಳಿತು, ಆ ಹುಡುಗಿಯ ಬೆರಳುಗಳನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ನೀವಿದರು. ಬೈಯಲಿಲ್ಲ.

ಫಲಿತಾಂಶ ಬಂದಾಗ ಎರಡು ವಿಷಯಗಳಲ್ಲಿ ಅವಳು ನಪಾಸಾಗಿದ್ದಳು. ಅಷ್ಟರಲ್ಲಿ ತಂದೆ ಅವಳನ್ನು ಮತ್ತೆ ಮಂದೆಗೆ ಕರೆದೊಯ್ದಿದ್ದ. ಬೇಸಿಗೆ ರಜೆಯಲ್ಲಿ ಅಕ್ಕೋರು ನನ್ನ ಮನೆಗೆ ಬಂದು ಟೇಪ್ ರೆಕಾರ್ಡರನ್ನು ಒಪ್ಪಿಸಿದರು. "ಬೀರುವಿನಾಗ ಇಟ್ಟುಬಿಡ್ರಿ ಸರ್. ಹಾಡು ಕೇಳ್ಸಾಕ ಆಕ್ಕತಿ" ಎಂದರು. ನನ್ನ ಹೆಂಡತಿ ಕೊಟ್ಟ ಪಾನಕವನ್ನು ಅರ್ಧ ಕುಡಿದು ಎದ್ದರು.

ಮುಂಗಾರು ಬಿದ್ದು ಶಾಲೆ ಶುರುವಾದ ಮೇಲೆ ಒಂದು ಬೆಳಿಗ್ಗೆ ಆ ತಂದೆ ಮಗಳೊಂದಿಗೆ ಶಾಲೆಗೆ ಬಂದ. ಶಾಲೆ ಬಿಡಿಸಲು ಬಂದಿದ್ದಾನೆಂದು ನನಗೆ ಖಚಿತವಾಗಿತ್ತು. ಅಕ್ಕೋರಿಗೂ ಹಾಗೆಯೇ ಅನಿಸಿರಬೇಕು. ಪಕ್ಕದ ಕೋಣೆಯಿಂದ ಅವರು ಹೊರಗೆ ಬರಲಿಲ್ಲ. ಪಾಠದ ದನಿ ಮಾತ್ರ ನಿಂತಿತು.

"ಟಿ.ಸಿ. ಬೇಕೇನಪ್ಪ?" ಎಂದೆ.

"ಯಾಕ್ರಿ? ಹೊರಗ ಹಾಕ್ತೀರೇನು? ಇಲ್ಲೇ ಬಿಟ್ಟು ಹೋಗಾಕ ಬಂದೀನ್ರಿ. ಈ ಸಲ ಕುರಿ ಜೊತಿಗೆ ಒಯ್ಯಂಗಿಲ್ಲ. ನಮ್ಮವ್ವ ಊರಾಗ ಇರ್ತಾಳ, ಆಕಿ ಹತ್ರ ಇರ್ಲಿ."

"ನಪಾಸಾದಳೆಂದು ಬೇಸರವಾಗಲಿಲ್ಲವೇ?"

ಆತ ಗೋಡೆಯ ಬದಿಗೆ ಕುಕ್ಕರುಗಾಲಲ್ಲಿ ಕುಳಿತ.

"ಬ್ಯಾಸರ ಆಗೇತ್ರಿ, ಇಲ್ಲಂತಿಲ್ಲ. ಆದ್ರ ಒಂದ್ ಮಾತ್ರಿ ಮೇಷ್ಟ್ರೇ. ಆ ಟೇಪಿನಾಗ ನನ್ ಮಗಳ ಹೆಸ್ರು ಹಿಡದು ಕೇಳ್ತಿದ್ರಲ್ಲ ಅಕ್ಕೋರು... ಆಮ್ಯಾಲೆ ಎಲ್ಲಾ ಸುಮ್ಕ ಆಗ್ತಿತ್ತು. ಮೊದ್ಲ ದಿನ ಟೇಪು ಕೆಡ್ತು ಅಂದ್ಕಂಡು ಬಡದು ನೋಡೀನ್ರಿ. 'ಅಪ್ಪಾ ಬಡೀಬ್ಯಾಡ, ಅವ್ರು ನಾ ಹೇಳ್ಲಿ ಅಂತ ಕುಂತಾರ' ಅಂದ್ಲು ಕೂಸು. ತಾಲೂಕ್ ಕಚೇರಿಗೆ ಹೋದ್ರ ನಾನು ಬಾಯಿ ತೆಗಿಯಾಕ ಮೊದ್ಲ 'ಆತು ಹೋಗಪ' ಅಂತಾರ. ನಮ್ ಮಂದಿ ಮಾತಾಡ್ಲಿ ಅಂತ ಯಾರಾರ ಸುಮ್ಕ ಕುಂತಿದ್ದು ನಾ ಹುಟ್ಟಿದ ಮ್ಯಾಲೆ ಕಂಡಿಲ್ರಿ. ಅಂಥ ಜಾಗದಾಗ ಇರ್ಲಿ ಆಕಿ. ಇನ್ನೊಂದ್ ಸಲ ನಪಾಸಾದ್ರೂ ಇರ್ಲಿ."

ಪಕ್ಕದ ಕೋಣೆಯ ಬಾಗಿಲಲ್ಲಿ ಅಕ್ಕೋರು ಬಂದು ನಿಂತಿದ್ದರು. ಯಾವಾಗ ಬಂದರೋ ನಾನು ಗಮನಿಸಿರಲಿಲ್ಲ. ಹುಡುಗಿಯನ್ನು ನೋಡಿ, "ಹಲಗಿ ಬಳಪ ತಂದೀಯೇನವ್ವ?" ಎಂದಷ್ಟೇ ಕೇಳಿ ಒಳಗೆ ಕರೆದುಕೊಂಡು ಹೋದರು.

ಆ ವರ್ಷ ಅವಳು ಪಾಸಾದಳು. ಮುಂದೆ ಕೂಡ್ಲಿಗಿಯಲ್ಲಿ ಹತ್ತನೆಯ ತರಗತಿಯವರೆಗೂ ಓದಿದಳು. ಅಕ್ಕೋರು ವರ್ಗವಾಗಿ ತೆಲಿಗಿಗೆ ಹೋದರು, ಅಲ್ಲಿಯೇ ನಿವೃತ್ತರಾದರು. ಅಪರೂಪಕ್ಕೆ ಕೊಟ್ಟೂರಿನಲ್ಲಿ ಭೇಟಿಯಾದಾಗ ಹೊಸ ಶಾಲೆಗೆ ಕಂಪ್ಯೂಟರ್ ಬಂದಿರುವುದನ್ನು ಹೇಳುತ್ತಿದ್ದರು. "ಅದೂ ಕಾಯೂದಿಲ್ಲ ಸರ್, ನಾವು ಕಾಯ್ಬೇಕು" ಎಂದು ಒಮ್ಮೆ ಅಂದದ್ದು ನೆನಪಿದೆ.

ಅವರು ತೀರಿಕೊಂಡು ಮೂರು ವರ್ಷಗಳಾದವು. ಸುದ್ದಿ ತಡವಾಗಿ ತಿಳಿದು, ಕರ್ಮಗಳೆಲ್ಲ ಮುಗಿದ ಮೇಲೆ ಹರಪನಹಳ್ಳಿಯಿಂದ ಬಸ್ಸು ಹಿಡಿದು ತೆಲಿಗಿಗೆ ಹೋಗಿ ಬಂದೆ. ಪಾಠದ ಕ್ಯಾಸೆಟ್ ಏನಾದರೂ ಉಳಿದಿದೆಯೇ ಎಂದು ಅವರ ಮಗನನ್ನು ಕೇಳಿದೆ. ಪಾಪ, ಅಟ್ಟ ಹತ್ತಿ ಹುಡುಕಿದ. ಒಂದೂ ಇರಲಿಲ್ಲ. ಮಂದೆಯವರ ಬಳಿ ಉಳಿದಿದ್ದ ಕ್ಯಾಸೆಟ್ಟುಗಳ ಮೇಲೆ ಮೈಲಾರಲಿಂಗನ ಪದಗಳನ್ನು ತುಂಬಿಕೊಂಡದ್ದಾಗಿ ಆ ತಂದೆ ಹಿಂದೆಯೇ ನನಗೆ ನಾಚುತ್ತಾ ಹೇಳಿದ್ದ.

ಈಗ ಜಪಕ್ಕೆ ಕುಳಿತಾಗ ಒಮ್ಮೊಮ್ಮೆ ಅವರ ದನಿಯನ್ನು ನೆನಪಿಗೆ ತಂದುಕೊಳ್ಳಲು ಯತ್ನಿಸುತ್ತೇನೆ. ಕೇಳಿದ ಪ್ರಶ್ನೆ ನೆನಪಾಗುತ್ತದೆ. ಅದರ ನಂತರ ತರಗತಿಯಿಡೀ ಉಸಿರು ಬಿಗಿಹಿಡಿದು ಕುಳಿತ ಆ ಹೊತ್ತು ಇಂದಿಗೂ ಹಾಗೆಯೇ ಇದೆ. ಅವರ ದನಿ ಮಾತ್ರ ಬರುವುದಿಲ್ಲ...