ಮುಕ್‌ಗಾಗಿ ಅತ್ತೆ ಕಲಿತ ಮಾತು

ದಿಯೆಪ್ ವಿಯೆಟ್ನಾಮಿನಿಂದ ತೈವಾನಿನ ದೋಂಗ್‌ಗಾಂಗ್ ಬಂದರಿಗೆ ಸೊಸೆಯಾಗಿ ಬಂದು ಒಂಬತ್ತು ವರ್ಷವಾಗಿತ್ತು. ಗಂಡ ತಿಂಗಳುಗಟ್ಟಲೆ ಕಡಲಿನ ಮೇಲೆ. ಮನೆಯಲ್ಲಿ ಅವಳು, ಅತ್ತೆ ಸಿಯೊಕ್‌ಖಿಮ್ ಇಬ್ಬರೇ. "ನನ್ ಮನೇಲಿ ನಮ್ ಮಾತೇ ಆಡ್ಬೇಕು" ಎಂದು ಅತ್ತೆ ಮೊದಲ ವಾರವೇ ಕಟ್ಟಪ್ಪಣೆ ಮಾಡಿದ್ದರು.

ಹಾಗಾಗಿ ಮೀನು ಮಾರುಕಟ್ಟೆಯಲ್ಲಿ ಬುಟ್ಟಿಗಳ ಸಂದಿಯಲ್ಲಿ ಸಿಕ್ಕ ಕರಿ ನಾಯಿಮರಿಯೊಂದೇ ಅವಳ ತಾಯ್ನುಡಿಗೆ ಕಿವಿಯಾಯಿತು. ಅವಳ ಊರಿನ ಕರಿ ನಾಯಿಗಳಿಗೆ ಇಡುವಂತೆ ಅದಕ್ಕೂ ಮುಕ್ ಎಂದೇ ಹೆಸರಿಟ್ಟಳು. ಹಿತ್ತಲಲ್ಲಿ ಬಟ್ಟೆ ಒಗೆಯುತ್ತ ತಮ್ಮನ ತುಂಟಾಟ, ಅಮ್ಮನ ಮಂಡಿನೋವು ಎಲ್ಲವನ್ನೂ ಅದಕ್ಕೆ ಹೇಳುತ್ತಿದ್ದಳು. ಅತ್ತೆ ಕರೆದರೆ ಮಾತ್ರ ಅದು ಕಿವಿಯನ್ನೂ ಅಲ್ಲಾಡಿಸುತ್ತಿರಲಿಲ್ಲ.

"ನನ್ ಅನ್ನ ತಿಂದು ನನಗೇ ಜಂಬ ತೋರಿಸ್ತದೆ!" ಎಂದು ಅತ್ತೆ ಗೊಣಗುತ್ತಿದ್ದರು.

ತಮ್ಮನ ಮದುವೆಗೆಂದು ದಿಯೆಪ್ ತವರಿಗೆ ಹೋದ ಮೂರನೇ ದಿನ, ಬೀದಿಯಲ್ಲಿ ಹೊಸ ಅಂಗಡಿ ತೆರೆದವರು ಪಟಾಕಿ ಸರ ಹಚ್ಚಿದರು. ಮುಕ್ ಬೆದರಿ ಮೋರಿಯ ಕೊಳವೆಯೊಳಗೆ ನುಗ್ಗಿತು. ಹುರಿದ ಮೀನು ತೋರಿಸಿದರೂ ಬರಲಿಲ್ಲ. ಅತ್ತೆ ಸೊಸೆಗೆ ಫೋನ್ ಮಾಡಿ, ಫೋನನ್ನು ಕೊಳವೆಯ ಬಾಯಿಗೆ ಹಿಡಿದರು. ಒಡತಿಯ ದನಿ ಕೇಳುತ್ತದೆ, ಒಡತಿ ಕಾಣಳು. ನಾಯಿ ಕುಂಯ್‌ಗುಟ್ಟುತ್ತ ಇನ್ನೂ ಒಳಗೆ ಸರಿಯಿತು.

"ಅತ್ತೆ, ನೀವೇ ಕರೀರಿ. 'ವೇ ದಯ್, ಕೊನ್' ಅನ್ನಿ. ಬಾರೋ ಮಗನೇ ಅಂತ."

"ನಾನಾ? ಬೀದಿ ಜನ ನಗ್ತಾರೆ ಕಣೇ!"

"ನಗ್ಲಿ ಬಿಡಿ ಅತ್ತೆ. ಅವನು ಹೆದರ್ಕೊಂಡಿದಾನೆ."

ಎಪ್ಪತ್ತರ ಅತ್ತೆ ಮೋರಿಯ ಪಕ್ಕ ಮಂಡಿಯೂರಿದರು. ಒಮ್ಮೆ ಕರೆದರು, ರಾಗ ತಪ್ಪಿತು; ಆ ನುಡಿಯಲ್ಲಿ ರಾಗ ಬದಲಾದರೆ ಅರ್ಥವೇ ಬದಲು. ಆ ಕಡೆ ಮದುವೆಮನೆಯಿಡೀ ಫೋನಿಗೆ ಕಿವಿಗೊಟ್ಟು ತಿದ್ದಿತು, ದಿಯೆಪ್ ಅದನ್ನು ಅತ್ತೆಯ ಮಾತಿನಲ್ಲಿ ಹೇಳಿದಳು: "ಮೆತ್ತಗೆ ಅಜ್ಜಿ, ಇನ್ನೂ ಮೆತ್ತಗೆ!" ಐದನೆಯ ಸಲಕ್ಕೆ ಕತ್ತಲಲ್ಲಿ ಎರಡು ಕಣ್ಣು ಮಿನುಗಿದವು. ಕೆಸರು ಮೆತ್ತಿಕೊಂಡ ಮುಕ್ ತೆವಳಿ ಬಂದು ಅವರ ಮಡಿಲೇರಿ ಕೂತಿತು. ಅತ್ತೆ ಅದನ್ನು ಅವುಚಿಕೊಂಡು ಅತ್ತೇಬಿಟ್ಟರು. ಫೋನಿನಲ್ಲಿ ಮದುವೆಮನೆ ಹೋ ಎಂದಿತು.

ಪಕ್ಕದ ಮನೆಯ ಆಗುವತ್ ಕಿಚಾಯಿಸಿದಳು: "ಅಕ್ಕಾ, ನೀವ್ಯಾವಾಗ ವಿಯೆಟ್ನಾಮಿನವರಾದ್ರಿ?"

"ಸುಮ್ನಿರೇ! ನಿನ್ ನಾಯಿಗೆ ಒಂದೂ ಭಾಷೆ ಬರಲ್ಲ."

ದಿಯೆಪ್ ಮರಳಿ ಬಂದಾಗ ಅತ್ತೆ ಕಾಗದ, ಪೆನ್ಸಿಲ್ ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದರು. "ಇನ್ನಷ್ಟು ಮಾತು ಹೇಳ್ಕೊಡು. ಮೊದ್ಲು ಬೈಯೋದು. ನನ್ ಚಪ್ಪಲಿ ಕಚ್ಚಿ ಹಾಕಿದಾನೆ."

ದಿಯೆಪ್ ಚೀಲ ಕೆಳಗಿಟ್ಟು, ನಗುತ್ತಲೇ ಒಂದು ಬೈಗುಳ ಕಲಿಸಿದಳು. ಅತ್ತೆ ಕಣ್ಣು ಕೆಕ್ಕರಿಸಿ ಮುಕ್‌ನತ್ತ ಗುಡುಗಿದರು. ರಾಗ ತಪ್ಪಿ ಬೈಗುಳ ಮುದ್ದಿನ ಮಾತಾಗಿಬಿಟ್ಟಿತ್ತು. ಮುಕ್ ಕುಣಿದಾಡುತ್ತ ಬಂದು ಅವರ ಮೂಗು ನೆಕ್ಕಿತು.