ಬೈತಲೆಯಲ್ಲೇ ನಿಂತ ಬೆಳಕು

ಹಣ್ಣುಗಳ ಹೆಸರು ಹೇಳಿ ಎಂದು ಡಾಕ್ಟರು ಕೇಳಿದಾಗ ನನ್ನ ಅಕ್ಕ “ಮಾವು” ಎಂದಷ್ಟೇ ಹೇಳಿ ನನ್ನ ಮುಖ ನೋಡಿದಳು. ವರ್ಷದೊಳಗೆ ಅವಳಿಗೆ ನನ್ನ ಹೆಸರೂ ಮರೆತುಹೋಯಿತು. ಈಚೆಗೆ ಚೆಂಬೂರಿನ ಮಾರ್ಕೆಟಿನಲ್ಲಿ ನನಗೂ ತರಕಾರಿಯ ಹೆಸರು ನಾಲಿಗೆಗೆ ಬರುವುದಿಲ್ಲ. ಬೆರಳು ತೋರಿಸಿ “ಯೇ ದೋ” ಎನ್ನುತ್ತೇನೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಪವಾಯಿಯಲ್ಲಿ ಓದುವ ಮೊಮ್ಮಗಳು ಒಂದು ದಿನ, “ಅಜ್ಜಿ, ನಮ್ಮ ಲ್ಯಾಬ್‌ಗೆ ಸೆವೆಂಟಿ ಪ್ಲಸ್ ವಾಲಂಟಿಯರ್ಸ್ ಬೇಕು. ಟೋಪಿಯಿಂದ ಲೈಟ್ ಬಿಡ್ತೇವೆ, ಬ್ರೇನ್ ಎಲ್ಲಿ ಕೆಲಸ ಮಾಡ್ತದೆ ಅಂತ ಗ್ರಾಫಿನಲ್ಲಿ ಗೊತ್ತಾಗ್ತದೆ,” ಎಂದಳು.

“ನನಗೆ ಗ್ರಾಫ್ ತೋರಿಸ್ತೀಯಾ?” ಎಂದಷ್ಟೇ ಕೇಳಿದೆ.

ಹೊರಗೆ ಹೊರಟರೆ ಪ್ರೆಸೆಂಟೆಬಲ್ ಆಗಿರಬೇಕು, ಇದು ಕಾನ್ವೆಂಟಿನ ಸಿಸ್ಟರುಗಳು ಹಚ್ಚಿದ ರೋಗ. ಮದುವೆಗಳಿಗೆ ಮಾತ್ರ ಹಚ್ಚುವ ಕಪ್ಪನ್ನು ಹಿಂದಿನ ದಿನವೇ ಕೂದಲ ಬುಡದವರೆಗೆ ಹಚ್ಚಿದೆ. ಬೆಳಿಗ್ಗೆ ಎಣ್ಣೆ ಸವರಿ ಬೈತಲೆ ತೆಗೆದೆ.

ಲ್ಯಾಬಿನಲ್ಲಿ ನನ್ನ ತಲೆಗೆ ಹಾಕಿದ ಟೋಪಿಯ ತುಂಬ ಗುಂಡಿಗಳು. ಅವುಗಳಿಂದ ಬರುವುದು ಕೆಂಪಿಗೂ ಆಚೆಯ, ಕಣ್ಣಿಗೆ ಕಾಣದ ಬೆಳಕು. ಮೂಳೆ ದಾಟಿ ಹೋಗಿ, ಎಲ್ಲಿ ರಕ್ತ ಹೆಚ್ಚು ಹರಿಯಿತೆಂಬ ಸುದ್ದಿ ಹೊತ್ತು ಮರಳುತ್ತದಂತೆ. ಮೊಮ್ಮಗಳು ಹತ್ತಿಕಡ್ಡಿಯಿಂದ ಗುಂಡಿಯಡಿಯ ಕೂದಲು ಸರಿಸಿ ಸ್ಕ್ರೀನ್ ನೋಡಿದಳು. ಮತ್ತೆ ಸರಿಸಿದಳು. ಮತ್ತೆ ನೋಡಿದಳು. ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ.

“ಎಂತ ಮಾರಾಯ್ತಿ, ಒಳಗೆ ಏನೂ ಇಲ್ವಾ?”

“ಹಣೆ ಹತ್ರ ಓಕೆ. ಮೇಲೆ ಸಿಗ್ನಲ್ಲೇ ಇಲ್ಲ. ಅಜ್ಜಿ, ಡೈ ಮಾಡಿದ್ರಾ?”

“ನಿನ್ನೆ.”

“ಅರೇ ಅಜ್ಜಿ. ಕಪ್ಪು ಕೂದಲು ಲೈಟನ್ನೆಲ್ಲ ತಿಂತದೆ. ನಿಮ್ದು ವೈಟ್ ಅಂತಲೇ ನಿಮ್ಮನ್ನು ಕರೆದದ್ದು.”

“ಮತ್ತೆ ಯಾವಾಗ ಬರಲಿ?”

“ಬುಡ ಬಿಳಿ ಆಗ್ಲಿ. ಟೂ ತ್ರೀ ಮಂತ್ಸ್.”

“ಅಷ್ಟರಲ್ಲಿ ನಾನು ಅಕ್ಕನ ಹಾಗೆ ಆದರೆ?”

ತಮಾಷೆಗೆ ಹೇಳಹೊರಟದ್ದು ಬೇರೆಯೇ ದನಿಯಲ್ಲಿ ಬಂತು. ಅವಳು ಟೋಪಿ ಬಿಚ್ಚುತ್ತ ಮೆಲ್ಲಗೆ ಹೇಳಿದಳು: “ಇದು ರಿಸರ್ಚ್ ಅಜ್ಜಿ, ಟೆಸ್ಟ್ ಅಲ್ಲ. ಗ್ರಾಫ್ ಬಂದಿದ್ರೂ ನನಗೆ ಅದೆಲ್ಲ ಹೇಳ್ಲಿಕ್ಕೆ ಆಗ್ತಿರ್ಲಿಲ್ಲ.”

ಹಿಂದಿರುಗುವಾಗ ರಿಕ್ಷಾದಲ್ಲಿ ಮೊಮ್ಮಗಳ ಪಕ್ಕ ಕೂತು ಮನಸ್ಸಿನಲ್ಲೇ ಹಣ್ಣುಗಳ ಹೆಸರು ಹೇಳುತ್ತ ಬಂದೆ. ಮಾವು, ಹಲಸು, ಪೇರಳೆ, ನೇರಳೆ. ಘಾಟ್‌ಕೋಪರ್ ಬರುವಷ್ಟರಲ್ಲಿ ಹನ್ನೊಂದು ಹೆಸರಾಯಿತು. ಅಕ್ಕ ಹಿತ್ತಲಿನಿಂದ ಕೊಯ್ದು ಉಪ್ಪು ಹಚ್ಚಿ ಕೊಡುತ್ತಿದ್ದ ಆ ಐದು ಏಣಿನ ಹುಳಿಹಣ್ಣಿನ ಹೆಸರು ಮಾತ್ರ ಸಿಗಲಿಲ್ಲ. ಕೊನೆಗೆ ಅವಳನ್ನೇ ಕೇಳಿದೆ.

“ಸ್ಟಾರ್ ಫ್ರೂಟ್?”

“ಅದು ನನಗೂ ಗೊತ್ತು. ಅಕ್ಕ ಏನು ಹೇಳ್ತಿದ್ದಳು?”

ಅವಳು ನನ್ನನ್ನು ಒಂದು ಕ್ಷಣ ನೋಡಿ, ಫೋನ್ ತೆಗೆದು ಡಾಕ್ಟರ ಅಪಾಯಿಂಟ್‌ಮೆಂಟ್ ಹುಡುಕತೊಡಗಿದಳು. ನಾನು ಬೇಡವೆನ್ನಲಿಲ್ಲ.